ಐದು ಸಾಲಿನ ಕಥೆ ಇಟ್ಟುಕೊಂಡು ಸಾಹಿತ್ಯ ಸಿದ್ಧಾಂತ ಕಲಿಯುವುದು ಹೇಗೆ

ಮೊದಲು ಈ ಐದು ಸಾಲು ಓದಿ. ಈ ಬರಹಕ್ಕೆಂದೇ ನಾನು ಬರೆದದ್ದು, ಬೇರೆಲ್ಲೂ ಹುಡುಕಬೇಡಿ.

"ಅಪ್ಪ ತೀರಿಹೋದ ಮೇಲೆ ಆಸ್ತಿ ಹಂಚಿಕೆ ಆಯಿತು. ದೊಡ್ಡವನಿಗೆ ಮನೆ ಬಂತು, ಚಿಕ್ಕವನಿಗೆ ಹೊಲ ಬಂತು. ಇಬ್ಬರೂ ಖುಷಿಯಾಗಿ ಹೊರಟರು. ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಅವಳ ಕೈಯಲ್ಲಿ ಬೀಗ ಇತ್ತು, ಬೀಗದ ಕೈ ಇರಲಿಲ್ಲ."

ಓದಿದಿರಾ? ಈಗ ಯಾರಾದರೂ "ಇದು ಏನು ಕಥೆ?" ಅಂತ ಕೇಳಿದರೆ ಏನು ಹೇಳುತ್ತೀರಿ? "ಪಾಪ, ಅಮ್ಮ" ಅಂತ ಬಾಯಿಗೆ ಬರಬಹುದು. "ಮಕ್ಕಳು ಹೀಗಿರಬಾರದು" ಅಂತಲೂ ಬರಬಹುದು. "ಬರೆದವರ ಮನೆಯಲ್ಲಿ ಹೀಗೇ ಆಗಿರಬೇಕು" ಅನ್ನುವವರೂ ಒಬ್ಬರು ಇದ್ದೇ ಇರುತ್ತಾರೆ. (ಆಗಿಲ್ಲ.) ಮೂರೂ ಉತ್ತರ ತಾನಾಗಿಯೇ ಬಂತು, ಇದಕ್ಕೆ ಯಾವ ಪುಸ್ತಕವೂ ಬೇಕಾಗಲಿಲ್ಲ ಅಂತ ಅನಿಸುತ್ತದೆ ಅಲ್ವಾ? ಆದರೆ ಮೂರರ ಹಿಂದೆಯೂ ಒಂದೊಂದು ಸಿದ್ಧಾಂತ ಕೂತಿದೆ. ಕಥೆಯ ಕೆಲಸ ಮನಸ್ಸು ಕರಗಿಸುವುದು ಅಂತ ಮೊದಲನೆಯದು ನಂಬಿದೆ. ನೀತಿ ಹೇಳುವುದು ಅಂತ ಎರಡನೆಯದು. ಬರೆದವರ ಬದುಕನ್ನು ತೋರಿಸುವುದು ಅಂತ ಮೂರನೆಯದು. "ನನಗೆ ಥಿಯರಿ ಗಿಯರಿ ಬೇಡಪ್ಪ, ನಾನು ಸುಮ್ನೆ ಓದುತ್ತೇನೆ" ಅನ್ನುವವರ ಹತ್ತಿರವೂ ಥಿಯರಿ ಇರುತ್ತದೆ, ಅದು ಅವರ ಕಣ್ಣಿಗೆ ಬಿದ್ದಿರುವುದಿಲ್ಲ ಅಷ್ಟೇ. ಬಿದ್ದಿಲ್ಲದ್ದರಿಂದಲೇ ಯಾವ ಪುಸ್ತಕ ಕೈಗೆ ಕೊಟ್ಟರೂ ಅದೇ ಒಂದು ಪ್ರಶ್ನೆ ಕೇಳುತ್ತಾ ಇರುತ್ತಾರೆ.

ಸಿದ್ಧಾಂತದಿಂದ ಆಗುವ ಲಾಭ, ನನ್ನ ಲೆಕ್ಕದಲ್ಲಿ, ಇಷ್ಟೇ. ಅದು ಕೇಳಲು ಬೇರೆ ಬೇರೆ ಪ್ರಶ್ನೆ ಕೊಡುತ್ತದೆ. ಉತ್ತರ ಮಾತ್ರ ಕೃತಿಯೊಳಗಿಂದಲೇ ಬರಬೇಕು. ಇದನ್ನು ತಿರುಗಾಮುರುಗಾ ಮಾಡಿಕೊಂಡು, ಉತ್ತರವನ್ನು ಸಿದ್ಧಾಂತದಿಂದ ತಂದು ಕೃತಿಯ ಮೇಲೆ ಅಂಟಿಸುವವರು ಬಹಳ ಜನ, ನಾನೂ ಅವರಲ್ಲೊಬ್ಬ. ಓದುವ ದಿನಗಳಲ್ಲಿ ಒಂದು ಕಾದಂಬರಿಯ ಮೇಲೆ ಹದಿನಾಲ್ಕು ಪುಟ ಬರೆದು ಕೊಟ್ಟಿದ್ದೆ. 'ಅನ್ಯ', 'ಅಸ್ಮಿತೆ', 'ಅಧಿಕಾರದ ಸಂಕಥನ', ಏನುಂಟು ಏನಿಲ್ಲ! ಅದು ವಾಪಸ್ ಬಂದಾಗ ಕೊನೆಯ ಪುಟದಲ್ಲಿ ಪಾಠ ಮಾಡುವವರು ಒಂದೇ ಪ್ರಶ್ನೆ ಬರೆದಿದ್ದರು: ಇಲ್ಲಿ ಕಾದಂಬರಿಯ ಹೆಸರು ಬದಲಾಯಿಸಿದರೆ ಇನ್ನೇನೇನು ಬದಲಾಯಿಸಬೇಕಾಗುತ್ತದೆ? ಕೂತು ನೋಡಿದೆ. ಎರಡು ಪಾತ್ರಗಳ ಹೆಸರು ಬದಲಾಯಿಸಿದರೆ ಸಾಕಿತ್ತು.

ಹಾಗಾಗಿ ಇಲ್ಲಿ ವಾದಗಳ ಪಟ್ಟಿ ಕೊಡುವುದಿಲ್ಲ. ಅದು ಯಾವ ಗೈಡಿನಲ್ಲಾದರೂ ಸಿಗುತ್ತದೆ. ಆ ಐದು ಸಾಲನ್ನೇ ಇಟ್ಟುಕೊಂಡು ಒಂದೊಂದು ಪ್ರಶ್ನೆ ಕೇಳುತ್ತಾ ಹೋಗೋಣ.

ಮೊದಲ ಓದಿಗೆ ಪೆನ್ಸಿಲ್ ಸಾಕು

ಮೊದಲ ಸಲ ಓದುವಾಗ ಯಾವ ಸಿದ್ಧಾಂತವನ್ನೂ ಹತ್ತಿರ ಬಿಟ್ಟುಕೊಳ್ಳಬೇಡಿ. ಎಲ್ಲಿ ತಡವರಿಸಿದಿರೋ, ಎಲ್ಲಿ ಎರಡನೇ ಸಲ ಓದಬೇಕಾಯಿತೋ, ಎಲ್ಲಿ "ಇದೇಕೆ ಹೀಗೆ" ಅನಿಸಿತೋ ಅಲ್ಲಿ ಗೆರೆ ಎಳೆಯಿರಿ. ಬೋರಾದ ಜಾಗಕ್ಕೂ ಎಳೆಯಿರಿ, ನಾಚಿಕೆ ಬೇಡ. ಇಂಗ್ಲೆಂಡಿನ ವಿಮರ್ಶಕ ಐ. ಎ. ರಿಚರ್ಡ್ಸ್ ಕೇಂಬ್ರಿಡ್ಜ್‌ನಲ್ಲಿ ಪಾಠ ಮಾಡುವಾಗ ಕವಿಯ ಹೆಸರು ತೆಗೆದುಹಾಕಿ ಬರೀ ಪದ್ಯಗಳನ್ನು ಹಂಚಿ, ಅನಿಸಿದ್ದನ್ನು ಬರೆದುಕೊಡಿ ಅಂದಿದ್ದರು. ಆ ಉತ್ತರಗಳನ್ನೆಲ್ಲ ಇಟ್ಟುಕೊಂಡು 1929ರಲ್ಲಿ ಒಂದು ಪುಸ್ತಕವನ್ನೇ ತಂದರು. ಹೆಸರು ಕಾಣದಿದ್ದಾಗ ಚೆನ್ನಾಗಿ ಓದಿಕೊಂಡವರೂ ಎಡವಿದ್ದರು. ಪದ್ಯದಲ್ಲಿ ಇದ್ದದ್ದನ್ನು ಬಿಟ್ಟು, ಮೊದಲೇ ತಲೆಯಲ್ಲಿದ್ದ ಭಾವನೆಯನ್ನು ತೆಗೆದು ಹಾಳೆಗೆ ಸುರಿದಿದ್ದರು. ಪಟ್ಟಂತ ಬಂದ ಮೊದಲ ಅನಿಸಿಕೆ ಅಷ್ಟೇನೂ ನಮ್ಮ ಸ್ವಂತದ್ದಲ್ಲ, ಎಲ್ಲಿಂದಲೋ ಬಂದು ಸೇರಿಕೊಂಡದ್ದು ಅಂತ ಗೊತ್ತಾಗುವುದು ಇಂಥ ಹೊತ್ತಿನಲ್ಲೇ. ತಡವರಿಸಿದ ಜಾಗ ಮಾತ್ರ ನಮ್ಮದು.

ನಮ್ಮ ಕಥೆಯಲ್ಲಿ ನಾನು ಎಳೆದ ಗೆರೆ ಮೂರು. 'ಬಂತು' ಅನ್ನುವುದರ ಕೆಳಗೆ, 'ಹೊರಟರು' ಅನ್ನುವುದರ ಕೆಳಗೆ, 'ಬೀಗದ ಕೈ' ಅನ್ನುವುದರ ಕೆಳಗೆ.

ಆಮೇಲೆ ಕ್ರಿಯಾಪದಗಳನ್ನು ನೋಡಿ

'ಮನೆ ಬಂತು', 'ಹೊಲ ಬಂತು'. ಕನ್ನಡದಲ್ಲಿ ಇದು ಎಷ್ಟು ಸಲೀಸು ನೋಡಿ. ಮಳೆ ಬಂತು, ಜ್ವರ ಬಂತು, ನಿದ್ದೆ ಬಂತು, ಮನೆ ಬಂತು. ಯಾರೂ ಏನೂ ಮಾಡಲಿಲ್ಲ, ಅದು ತಾನೇ ನಡೆದುಕೊಂಡು ಬಂತು. ಅದಕ್ಕೂ ಮೊದಲು 'ಹಂಚಿಕೆ ಆಯಿತು'. ಯಾರು ಹಂಚಿದರು? ವ್ಯಾಕರಣವೇ ಆ ಮನುಷ್ಯನನ್ನು ಮುಚ್ಚಿಟ್ಟಿದೆ. ನಾವು ದಿನಾ ಹೀಗೇ ಮಾತಾಡುವುದರಿಂದ ಇದು ಕಣ್ಣಿಗೆ ಬೀಳುವುದೇ ಇಲ್ಲ. ರಷ್ಯಾದ ವಿಕ್ಟರ್ ಷ್ಕ್ಲೋವ್‌ಸ್ಕಿ 1917ರಲ್ಲಿ ಬರೆದ ಪ್ರಬಂಧದ ಮುಖ್ಯ ಮಾತು ಇದೇ: ರೂಢಿ ಎಲ್ಲವನ್ನೂ ನುಂಗಿಬಿಡುತ್ತದೆ, ಕಲೆ ಅದನ್ನು ಮತ್ತೆ ಹೊಸದಾಗಿ, ಅಪರಿಚಿತವಾಗಿ ಕಾಣಿಸುತ್ತದೆ. ಅದಕ್ಕೆ ಅವರು ಕೊಡುವ ಒಂದು ಉದಾಹರಣೆ ಕುದುರೆಯೊಂದು ಹೇಳುವ ಟಾಲ್‌ಸ್ಟಾಯ್ ಕಥೆ. ಆ ಕುದುರೆಗೆ ಮನುಷ್ಯರು 'ನನ್ನದು' ಅಂದರೆ ಏನಂತಲೇ ಅರ್ಥವಾಗುವುದಿಲ್ಲ. ಹತ್ತಿ ಓಡಾಡದವನು, ಮೇವು ಹಾಕದವನು ತನ್ನನ್ನು 'ನನ್ನ ಕುದುರೆ' ಅನ್ನುವುದು ಯಾಕೆ ಅಂತ ಅದು ತಲೆ ಕೆಡಿಸಿಕೊಳ್ಳುತ್ತದೆ. ನಮ್ಮ ಕಥೆಯ 'ಬಂತು' ಮಾಡುವ ಕೆಲಸ ಇದಕ್ಕೆ ಪೂರ್ತಿ ಉಲ್ಟಾ. ಅದು ಆಸ್ತಿಯನ್ನು ಮಳೆಯಷ್ಟು ಸಹಜ ಮಾಡಿಬಿಡುತ್ತದೆ. ಗೆರೆ ಎಳೆದದ್ದರಿಂದ ನಮಗೆ ಸಿಕ್ಕಿದ್ದು ಅದು.

ಇದನ್ನು ಮಾಡಲು 'ರೂಪನಿಷ್ಠ ವಿಮರ್ಶೆ' ಅನ್ನುವ ಪದ ಗೊತ್ತಿರಬೇಕಾಗಿಲ್ಲ. ಒಂದು ಪುಟದ ಕ್ರಿಯಾಪದಗಳನ್ನೆಲ್ಲ ಒಂದರ ಕೆಳಗೆ ಒಂದು ಬರೆದುಕೊಂಡು, ಪ್ರತಿಯೊಂದರ ಎದುರು 'ಯಾರು ಮಾಡಿದ್ದು?' ಅಂತ ಕೇಳಿ. ಅರ್ಧ ಗಂಟೆಯ ಕೆಲಸ.

ಹೇಳದೆ ಹೇಳಿದ್ದು

ಇನ್ನು ಬೀಗ. ಇಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬರುವುದು ಹಳೆಯ ಕಾವ್ಯಮೀಮಾಂಸೆ. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿದ್ದ ಆನಂದವರ್ಧನನ ಧ್ವನಿ ಸಿದ್ಧಾಂತವನ್ನು (ಹೇಳದೆ ಹೊಳೆಯುವ ಅರ್ಥವೇ ಕಾವ್ಯದ ಜೀವ ಅನ್ನುವುದು) ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತವರೇ ಹೆಚ್ಚು, ಅದನ್ನು ಓದಿಗೆ ಬಳಸಿದವರು ಕಡಿಮೆ. ಅಲ್ಲಿನ ಹಳೇ ಉದಾಹರಣೆ ನಿಮಗೂ ನೆನಪಿರಬಹುದು: 'ಗಂಗೆಯಲ್ಲಿ ಗೊಲ್ಲರ ಹಳ್ಳಿ'. ನೀರಿನ ಮೇಲೆ ಹಳ್ಳಿ ಇರಲು ಆಗುವುದಿಲ್ಲ, ಇದು ವಾಚ್ಯಾರ್ಥಕ್ಕೆ ಬಂದ ತೊಡಕು. ಹಾಗಾಗಿ 'ಗಂಗೆಯ ದಡದಲ್ಲಿ' ಅಂತ ತಿಳಿದುಕೊಳ್ಳುತ್ತೇವೆ, ಇದು ಲಕ್ಷ್ಯಾರ್ಥ. ಮುಗಿಯಿತಾ? ಇಲ್ಲ. ಹಾಗಾದರೆ ಸೀದಾ 'ದಡದಲ್ಲಿ' ಅಂತಲೇ ಹೇಳಬಹುದಿತ್ತಲ್ಲ, ಯಾಕೆ ಹೇಳಲಿಲ್ಲ? ಆ ಹಳ್ಳಿಯ ತಂಪು, ಅದರ ಪಾವಿತ್ರ್ಯ ಕೂಡ ಕೇಳುಗನಿಗೆ ತಾಗಲಿ ಅಂತ. ಅದು ವ್ಯಂಗ್ಯಾರ್ಥ, ಅಂದರೆ ಸೂಚನೆಯಿಂದ ಹೊಳೆಯುವ ಅರ್ಥ, ಅಣಕವಲ್ಲ.

ಈ ಮೂರನೆಯ ಪ್ರಶ್ನೆ, 'ಸೀದಾ ಹೇಳಬಹುದಿತ್ತಲ್ಲ, ಯಾಕೆ ಹೇಳಲಿಲ್ಲ?', ಇದನ್ನು ಜೇಬಿನಲ್ಲಿಟ್ಟುಕೊಳ್ಳಿ. 'ಅಮ್ಮನಿಗೆ ಏನೂ ಸಿಗಲಿಲ್ಲ' ಅಂತ ಬರೆದಿದ್ದರೆ ಮಾಹಿತಿ ಅದೇ. ಆದರೆ ಬೀಗ ಬಂದಾಗ ಸಂಗತಿ ಬದಲಾಗುತ್ತದೆ. ಅವಳಿಗೆ ಏನೂ ಸಿಗಲಿಲ್ಲ ಅಂತಲ್ಲ, ಕಾಯುವ ಕೆಲಸ ಸಿಕ್ಕಿದೆ. ಮುಚ್ಚುವುದು ಅವಳ ಪಾಲಿಗೆ, ತೆಗೆಯುವುದು ಬೇರೆಯವರ ಪಾಲಿಗೆ. ಆಮೇಲೆ ಆ ಪದವನ್ನೇ ನೋಡಿ: ಬೀಗದ ಕೈ. ಅವಳ ಕೈ ಇದೆ, ಬೀಗ ಇದೆ, ಬೀಗದ ಕೈ ಇಲ್ಲ. 'ಕೀಲಿ' ಅಂತ ಬರೆದಿದ್ದರೆ ಈ ಎರಡು ಕೈಗಳ ಆಟ ಸತ್ತೇಹೋಗುತ್ತಿತ್ತು. ಬೇರೆ ಭಾಷೆಗೆ ಹೋದರೂ ಉಳಿಯುವುದು ಕಷ್ಟ. ಕನ್ನಡದಲ್ಲಿ ಓದುವವರಿಗೆ ಸಿಗುವ ಇಂಥ ಲಾಭವನ್ನು ನಾವೇ ಬಿಟ್ಟುಕೊಡುತ್ತೇವೆ, ಥಿಯರಿ ಅಂದರೆ ಎಲ್ಲವೂ ಫ್ರೆಂಚ್‌ನಿಂದಲೇ ಬರಬೇಕು ಅಂದುಕೊಂಡು.

ಯಾರು ಹೇಳುತ್ತಿದ್ದಾರೆ?

ಒಂದೇ ಒಂದು ಪ್ರಶ್ನೆ ಕಲಿಯಲು ಸಮಯವಿದ್ದರೆ ಇದನ್ನು ಕಲಿಯಿರಿ. ಫ್ರಾನ್ಸ್‌ನ ಜೆರಾರ್ ಜೆನೆಟ್ 1972ರಲ್ಲಿ ಇದನ್ನು ಎರಡಾಗಿ ಬಿಡಿಸಿದರು: ಮಾತಾಡುತ್ತಿರುವವರು ಯಾರು, ನೋಡುತ್ತಿರುವವರು ಯಾರು? ಎರಡೂ ಒಬ್ಬರೇ ಆಗಿರಬೇಕಿಲ್ಲ. ಅದಕ್ಕೂ ಮೊದಲು, 1961ರಲ್ಲಿ, ಅಮೆರಿಕದ ವೇಯ್ನ್ ಬೂತ್ 'ನಂಬಲಾಗದ ನಿರೂಪಕ' (ನಿರೂಪಕ ಅಂದರೆ ಕಥೆ ಹೇಳುವವರು) ಅನ್ನುವ ಮಾತನ್ನು ಚಾಲ್ತಿಗೆ ತಂದಿದ್ದರು.

ನಮ್ಮ ಕಥೆಗೆ ಇದನ್ನು ಕೇಳಿ. ಹೇಳುತ್ತಿರುವವರು 'ಅಪ್ಪ' ಅನ್ನುತ್ತಾರೆ, 'ಅಮ್ಮ' ಅನ್ನುತ್ತಾರೆ. ಯಾರ ಅಪ್ಪ? ಯಾರ ಅಮ್ಮ? ಹಾಗೆ ಕರೆಯುವುದು ಆ ಮನೆಯ ಮಗು. ಆದರೆ ದೊಡ್ಡವನೂ ಅಲ್ಲ, ಚಿಕ್ಕವನೂ ಅಲ್ಲ, ಅವರಿಬ್ಬರನ್ನೂ ದೂರದಿಂದ ನೋಡುತ್ತಿರುವವರು. ಹಾಗಾದರೆ ಆ ಮನೆಯಲ್ಲಿ ಮೂರನೆಯ ಮಗು ಇದೆಯಾ? ಹಂಚಿಕೆಯಲ್ಲಿ ಹೆಸರೇ ಬರದ, 'ನನಗೆ ಏನೂ ಬರಲಿಲ್ಲ' ಅಂತ ಕೂಡ ತನ್ನ ಬಗ್ಗೆ ಹೇಳಿಕೊಳ್ಳದ ಮಗಳು?

ಸತ್ಯ ಹೇಳುತ್ತೇನೆ, ಬರೆಯುವಾಗ ಆ ಮಗಳು ನನ್ನ ತಲೆಯಲ್ಲಿ ಇರಲಿಲ್ಲ. ಈ ಪ್ರಶ್ನೆ ಕೇಳಿಕೊಂಡ ಮೇಲೆ ಕಂಡಳು. ಈಗ ಹೇಳಿ, ಅವಳು ಕಥೆಯಲ್ಲಿ ಇದ್ದಾಳಾ ಇಲ್ಲವಾ? ಬರೆದವರ ಉದ್ದೇಶವೇ ಅರ್ಥ ಅನ್ನುವವರು ಇಲ್ಲ ಅನ್ನಬೇಕು. ವಿಮ್ಸಾಟ್ ಮತ್ತು ಬಿಯರ್ಡ್‌ಸ್ಲಿ ಅನ್ನುವ ಅಮೆರಿಕದ ಇಬ್ಬರು 1946ರಲ್ಲಿ ಇದರ ಮೇಲೇ ಜಗಳ ತೆಗೆದಿದ್ದರು, ಕವಿಯ ಉದ್ದೇಶ ಪದ್ಯವನ್ನು ಅಳೆಯುವ ಕೋಲಲ್ಲ ಅಂತ. 1967ರಲ್ಲಿ ಫ್ರೆಂಚ್ ವಿಮರ್ಶಕ ರೋಲಾ ಬಾರ್ಥ್ ಇನ್ನೂ ಮುಂದೆ ಹೋಗಿ ಲೇಖಕ ಸತ್ತ, ಅರ್ಥ ಇನ್ನು ಓದುಗರ ಕೈಯಲ್ಲಿದೆ ಅಂದೇಬಿಟ್ಟರು. ಆ ಮಾತನ್ನು ತರಗತಿಯಲ್ಲಿ ಕೇಳಿದಾಗ ನನಗೆ ಅದು ಬರೀ ಹುಡುಗಾಟದ ಘೋಷಣೆ ಅನಿಸಿತ್ತು. ನಾನು ಬರೆದ ಐದು ಸಾಲಿನಲ್ಲೇ ನನಗೆ ಗೊತ್ತಿಲ್ಲದ ಮಗಳು ಸಿಕ್ಕಮೇಲೆ ಹಾಗೆ ಅನಿಸುತ್ತಿಲ್ಲ.

ಆದರೆ ಇಲ್ಲೇ ಸ್ವಲ್ಪ ತಡೆಯಿರಿ. ಕನ್ನಡದ ಕಥೆಗಳಲ್ಲಿ ಮನೆಯ ಹೊರಗಿನ ನಿರೂಪಕರೂ ಎಷ್ಟೋ ಸಲ 'ಅಪ್ಪ', 'ಅಮ್ಮ' ಅಂತಲೇ ಹೇಳುತ್ತಾರೆ. ಮಗಳೇ ಆಗಿದ್ದರೆ 'ಅಣ್ಣನಿಗೆ', 'ತಮ್ಮನಿಗೆ' ಅನ್ನುತ್ತಿದ್ದಳು ಅಂತ ಯಾರಾದರೂ ವಾದಿಸಿದರೆ ಅದೂ ಸರಿಯಾದ ಮಾತೇ. ಅಲ್ಲ, ಆ ಹಂಚಿಕೆಯ ದಿನದಿಂದ ಅವರನ್ನು ಅಣ್ಣ ತಮ್ಮ ಅನ್ನುವುದನ್ನು ಬಿಟ್ಟಿದ್ದಾಳೆ ಅಂತ ಇನ್ನೊಬ್ಬರು ಹೇಳಬಹುದು, ಅದಕ್ಕೆ 'ಖುಷಿಯಾಗಿ' ಅನ್ನುವ ಪದವನ್ನು ಸಾಕ್ಷಿಗೆ ತರಬಹುದು, ಆ ಪದದಲ್ಲಿ ಇರುವ ಕಹಿ ಹೊರಗಿನವರದ್ದಲ್ಲ ಅಂತ. ಈ ಜಗಳ ತೀರುವುದಿಲ್ಲ. ತೀರಬೇಕಾಗಿಯೂ ಇಲ್ಲ. ಜಗಳ ಪದಗಳ ಮೇಲೆ ನಡೆಯುತ್ತಿದೆ, ಗುಂಗಿನ ಮೇಲಲ್ಲ, ನಮಗೆ ಬೇಕಾದದ್ದು ಅದೇ.

ಯಾರು ಕಾಣುತ್ತಿಲ್ಲ?

ಸ್ತ್ರೀವಾದ, ಮಾರ್ಕ್ಸ್‌ವಾದ, ವಸಾಹತೋತ್ತರ ಚಿಂತನೆ (ಪರರು ಆಳಿದ ದೇಶಗಳ ಕಡೆಯಿಂದ ನೋಡುವುದು), ಇವು ಮೂರೂ ಬೇರೆ ಬೇರೆ ದಿಕ್ಕಿನಿಂದ ಬಂದು ಹೆಚ್ಚುಕಡಿಮೆ ಈ ಒಂದು ಪ್ರಶ್ನೆಯ ಹತ್ತಿರ ಸೇರುತ್ತವೆ. ನಮ್ಮ ಕಥೆಯಲ್ಲಿ ಅಮ್ಮ ಮತ್ತು ಇರಬಹುದಾದ ಮಗಳ ವಿಷಯ ಆಯಿತು. ಹೊಲ ಉಳುತ್ತಿದ್ದವರು ಯಾರು ಅಂತ ಕಥೆ ಹೇಳುವುದೇ ಇಲ್ಲ. ಅಷ್ಟು ಗುರುತು ಹಾಕಿಕೊಂಡು ದೊಡ್ಡ ಉದಾಹರಣೆಗೆ ಹೋಗೋಣ, ಐದು ಸಾಲಿಗೆ ಅಷ್ಟೊಂದು ಭಾರ ಹೊರಿಸುವುದು ಬೇಡ.

1847ರಲ್ಲಿ ಬಂದ ಷಾರ್ಲೆಟ್ ಬ್ರಾಂಟಿಯ 'ಜೇನ್ ಏರ್' ಕಾದಂಬರಿಯಲ್ಲಿ ಜೇನ್ ಪ್ರೀತಿಸುವ ರಾಚೆಸ್ಟರ್‌ಗೆ ಆಗಲೇ ಮದುವೆಯಾಗಿರುತ್ತದೆ. ಹೆಂಡತಿ ಬರ್ತಾ ಆಗ ಬ್ರಿಟಿಷ್ ವಸಾಹತಾಗಿದ್ದ ಜಮೈಕಾದವಳು, ಅವಳಿಗೆ ಹುಚ್ಚು ಅಂತ ಮನೆಯ ಮೇಲಂತಸ್ತಿನಲ್ಲಿ ಕೂಡಿಹಾಕಿರುತ್ತಾರೆ. ಇಡೀ ಕಾದಂಬರಿಯಲ್ಲಿ ಅವಳು ತನ್ನ ಕಥೆ ತಾನು ಹೇಳುವುದಿಲ್ಲ. ಬಹಳ ಕಾಲ ಓದುಗರಿಗೆ ಅವಳು ಕಥೆಗೆ ಬೇಕಾದ ಒಂದು ಅಡ್ಡಿ, ಒಂದು ಭಯ, ಅಷ್ಟೇ ಆಗಿದ್ದಳು. 1966ರಲ್ಲಿ ಜೀನ್ ರೀಸ್ ಆ ಹೆಂಡತಿಯ ಕಡೆಯಿಂದಲೇ ಒಂದು ಕಾದಂಬರಿ ಬರೆದರು. 1979ರಲ್ಲಿ ಅಮೆರಿಕದ ಸ್ತ್ರೀವಾದಿ ವಿಮರ್ಶಕಿಯರಾದ ಸ್ಯಾಂಡ್ರಾ ಗಿಲ್ಬರ್ಟ್ ಮತ್ತು ಸೂಸನ್ ಗೂಬಾರ್, ಬರ್ತಾ ಅಂದರೆ ಜೇನ್‌ಳ ಒಳಗೇ ಅದುಮಿಟ್ಟ ಸಿಟ್ಟು, ಅವಳ ಇನ್ನೊಂದು ರೂಪ ಅಂತ ಓದಿದರು. ಜೇನ್ ಸಿಟ್ಟಾಗಲಾರದ ಕಡೆಯಲ್ಲೆಲ್ಲ ಬರ್ತಾ ಬೆಂಕಿ ಹಚ್ಚುತ್ತಾಳೆ. ಸೊಗಸಾದ ಓದು. ಆದರೆ 1985ರಲ್ಲಿ ವಸಾಹತೋತ್ತರ ಚಿಂತಕಿ ಗಾಯತ್ರಿ ಸ್ಪಿವಾಕ್ ಬೇರೆಯದೇ ಮಾತೆತ್ತಿದರು: ಇಂಗ್ಲೆಂಡಿನ ಒಬ್ಬ ಹೆಣ್ಣು ಸ್ವತಂತ್ರ ವ್ಯಕ್ತಿಯಾಗಿ ಬೆಳೆಯಲು ವಸಾಹತಿನಿಂದ ಬಂದ ಇನ್ನೊಬ್ಬ ಹೆಣ್ಣು ಮನೆಗೆ ಬೆಂಕಿ ಹಚ್ಚಿ ತಾನೂ ಸಾಯಬೇಕಾಯಿತಲ್ಲ, ಅದನ್ನು ಸ್ತ್ರೀವಾದಿ ಗೆಲುವು ಅಂತ ಸಂಭ್ರಮಿಸುವುದು ಹೇಗೆ?

ಇಲ್ಲಿ ಗಮನಿಸಬೇಕಾದದ್ದು, ಎರಡೂ ಓದು ಹೆಣ್ಣಿನ ಪರವೇ, ಆದರೂ ಒಂದಕ್ಕೊಂದು ಹೊಂದುವುದಿಲ್ಲ. ಒಂದರಲ್ಲಿ ಬರ್ತಾ ಜೇನ್‌ಳ ನೆರಳು. ಇನ್ನೊಂದರಲ್ಲಿ, ಅವಳನ್ನು ಬೇರೊಬ್ಬಳ ನೆರಳು ಅನ್ನುವುದೇ ತಪ್ಪು. ನೀವು ಯಾವ ಕಡೆ? ಕಾದಂಬರಿಯ ಆ ಪುಟಗಳಿಗೆ ವಾಪಸ್ ಹೋಗದೆ ಹೇಳಲು ಬರುವುದಿಲ್ಲ. ಒಳ್ಳೆಯ ಥಿಯರಿ ಓದಿದ ಮೇಲೆ ಕೈ ತಾನಾಗಿ ಕಾದಂಬರಿಯ ಕಡೆ ಹೋಗುತ್ತದೆ. ಹೋಗದಿದ್ದರೆ ಆ ಥಿಯರಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ಹೊಂದದ ಜಾಗ

ನಿರಚನವಾದದ (ಡಿಕನ್‌ಸ್ಟ್ರಕ್ಷನ್) ಬಗ್ಗೆ ಜನ ಹೆದರುವಷ್ಟು ಇನ್ಯಾವುದಕ್ಕೂ ಹೆದರುವುದಿಲ್ಲ. ಅದನ್ನು ಶುರು ಮಾಡಿದ ಫ್ರೆಂಚ್ ಚಿಂತಕ ಡೆರಿಡಾರನ್ನು ನೇರವಾಗಿ ಓದಲು ಹೋಗಿ ನಾಲ್ಕನೇ ಪುಟಕ್ಕೆ ಮಲಗಿದವರಲ್ಲಿ ನಾನೂ ಒಬ್ಬ. ಆದರೆ ಆ ಕಡೆಯಿಂದ ಒಂದು ಅಭ್ಯಾಸವನ್ನು ಯಾರು ಬೇಕಾದರೂ ಎರವಲು ತರಬಹುದು. ಕೃತಿ ತನ್ನ ಮಾತಿಗೆ ತಾನೇ ಅಡ್ಡ ಬರುವ ಜಾಗ ಯಾವುದು ಅಂತ ಹುಡುಕುವುದು. ನಮ್ಮ ಕಥೆಯಲ್ಲಿ 'ಇಬ್ಬರೂ ಹೊರಟರು'. ಚಿಕ್ಕವನು ಹೊರಟ, ಸರಿ. ದೊಡ್ಡವನಿಗೆ ಬಂದದ್ದು ಅದೇ ಮನೆ ಅಲ್ವಾ, ಅವನು ಎಲ್ಲಿಗೆ ಹೊರಟ? ಮನೆ ಸಿಕ್ಕವನು ಮನೆ ಬಿಟ್ಟು ಹೋಗುತ್ತಿದ್ದಾನೆ, ಏನೂ ಸಿಗದವಳು ಬಾಗಿಲಲ್ಲಿ ನಿಂತಿದ್ದಾಳೆ, ಒಳಗೂ ಅಲ್ಲ ಹೊರಗೂ ಅಲ್ಲ. ಮನೆ ಯಾರದ್ದು ಅನ್ನುವುದು ಎರಡನೇ ಸಾಲಿನಲ್ಲಿ ಖಚಿತವಾಗಿತ್ತು, ನಾಲ್ಕನೇ ಸಾಲಿಗೆ ಬರುವಷ್ಟರಲ್ಲಿ ಅಲ್ಲಾಡಿಹೋಯಿತು. ಬೇಕಾದರೆ ಇದಕ್ಕೆ ನಿರಚನೆ ಅನ್ನಿ, ಬೇಡವಾದರೆ ಸುಮ್ನೆ ಗಮನ ಕೊಟ್ಟು ಓದುವುದು ಅನ್ನಿ.

ಅತಿಯಾಯಿತು ಅಂತ ಗೊತ್ತಾಗುವುದು ಹೇಗೆ?

ಬೀಗ, ಬೀಗದ ಕೈ ಅಂದ ಕೂಡಲೇ ಮನೋವಿಶ್ಲೇಷಣೆಯ ಫ್ರಾಯ್ಡ್ ನೆನಪಾಗಿ ಮುಸಿಮುಸಿ ನಕ್ಕವರು ಇರುತ್ತೀರಿ. ಕನಸುಗಳ ಬಗ್ಗೆ ಬರೆಯುವಾಗ ಅವರು ಆ ಜೋಡಿಯನ್ನು ಲೈಂಗಿಕ ಸಂಕೇತ ಅಂತ ಅರ್ಥ ಮಾಡಿದ್ದರು. ಈ ಕಥೆಗೆ ಅದು ಹೊಂದುತ್ತದಾ? ಆ ಓದಿಗೆ ಬೆಂಬಲವಾಗಿ ಇನ್ನೊಂದು ಪದ ತೋರಿಸಿ ನೋಡೋಣ. ಇಲ್ಲ. ಒಂದೇ ಒಂದು ವಸ್ತುವಿನ ಮೇಲೆ ಇಡೀ ಅರ್ಥ ನಿಂತಿದ್ದರೆ, ಅದು ಸಿದ್ಧಾಂತದಿಂದ ಬಂದದ್ದೇ ಹೊರತು ಕಥೆಯಿಂದಲ್ಲ. ನಾನು ಇಟ್ಟುಕೊಂಡಿರುವ ಅಂದಾಜು ಹೀಗೆ: ಕಡಿಮೆ ಅಂದರೂ ಮೂರು ಜಾಗ ತೋರಿಸಲು ಬರಬೇಕು, ಮತ್ತು 'ಇಂಥ ಪದ ಇದ್ದಿದ್ದರೆ ನನ್ನ ಓದು ಬಿದ್ದುಹೋಗುತ್ತಿತ್ತು' ಅಂತ ಹೇಳಲು ಬರಬೇಕು. ಯಾವ ಪದದಿಂದಲೂ ಬೀಳದ ಓದು ಅಂದರೆ ಅನುಮಾನ ಪಡಿ.

ಓದುಗರು ಮನಸ್ಸು ಮಾಡಿದರೆ ಎಲ್ಲಿಂದ ಬೇಕಾದರೂ ಅರ್ಥ ತೆಗೆಯುತ್ತಾರೆ ಅನ್ನುವುದಕ್ಕೆ ಅಮೆರಿಕದ ವಿಮರ್ಶಕ ಸ್ಟ್ಯಾನ್ಲಿ ಫಿಶ್ ಹೇಳುವ ಒಂದು ಪ್ರಸಂಗ ಇದೆ. 1971ರಲ್ಲಿ ಅಮೆರಿಕದ ಒಂದು ತರಗತಿಯಲ್ಲಿ ಅವರು ಬೋರ್ಡಿನ ಮೇಲೆ ಕೆಲವು ಭಾಷಾವಿಜ್ಞಾನಿಗಳ ಹೆಸರುಗಳನ್ನು ಒಂದರ ಕೆಳಗೆ ಒಂದು ಬರೆದಿದ್ದರು, ಓದಬೇಕಾದ ಲೇಖಕರ ಪಟ್ಟಿ ಅದು. ಮುಂದಿನ ತರಗತಿಯವರು ಹಳೆಯ ಕ್ರೈಸ್ತ ಧಾರ್ಮಿಕ ಪದ್ಯಗಳನ್ನು ಓದುತ್ತಿದ್ದವರು. ಅವರಿಗೆ ಆ ಪಟ್ಟಿ ತೋರಿಸಿ ಇದೂ ಅಂಥದ್ದೇ ಪದ್ಯ, ಅರ್ಥ ಹೇಳಿ ಅಂದರು. ಹೇಳಿದರು, ಚೆನ್ನಾಗಿಯೇ ಹೇಳಿದರು, ಹೆಸರುಗಳಲ್ಲಿ ಬೈಬಲ್ಲಿನ ಏಣಿ, ಏಸುವಿನ ಮುಳ್ಳಿನ ಕಿರೀಟ ಎಲ್ಲ ಕಂಡವು. ಫಿಶ್ ಇದರಿಂದ ತೆಗೆದ ತೀರ್ಮಾನ, ಅರ್ಥವನ್ನು ಓದುವ ಸಮುದಾಯವೇ ಕಟ್ಟುತ್ತದೆ ಅಂತ. ನಾನು ಅಷ್ಟು ದೂರ ಹೋಗುವುದಿಲ್ಲ. ನನಗೆ ಅದರಲ್ಲಿ ಕಾಣುವುದು ನನ್ನ ಆ ಹದಿನಾಲ್ಕು ಪುಟ.

ಕೆಲಸಕ್ಕೆ ಕೂತಾಗ

ಸಿದ್ಧಾಂತವನ್ನು ಓದುವಾಗ ಚರಿತ್ರೆಯಿಂದ ಶುರು ಮಾಡಬೇಡಿ. ಯಾವ ವಾದದ ನಂತರ ಯಾವ ವಾದ ಬಂತು ಅನ್ನುವುದು ಪರೀಕ್ಷೆಗೆ ಬೇಕು, ಓದಿಗೆ ಅಷ್ಟು ಬೇಡ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಕಥೆ ತೆಗೆದುಕೊಳ್ಳಿ, ಎರಡು ಮೂರು ಸಲ ಓದಿದ್ದಾಗಿರಲಿ. ಜೊತೆಗೆ ಒಂದೇ ಒಂದು ಪ್ರಬಂಧ, ಪುಸ್ತಕವಲ್ಲ. ಷ್ಕ್ಲೋವ್‌ಸ್ಕಿಯ ಪ್ರಬಂಧ ಆಗಬಹುದು, ಬಾರ್ಥ್ ಬರೆದ ಲೇಖಕನ ಸಾವಿನ ಪ್ರಬಂಧ ಆಗಬಹುದು, ಅದು ಕೆಲವೇ ಪುಟ. ಓದಿ ಮುಗಿಸಿದ ಮೇಲೆ ಅದರ ಸಾರಾಂಶ ಬರೆಯಬೇಡಿ. ಅದು ನಿಮ್ಮ ಕಥೆಗೆ ಯಾವ ಪ್ರಶ್ನೆ ಕೇಳುತ್ತದೆ ಅಂತ ಒಂದೇ ವಾಕ್ಯದಲ್ಲಿ, ಪಾರಿಭಾಷಿಕ ಪದ ಒಂದೂ ಇಲ್ಲದೆ ಬರೆಯಿರಿ. ಆಗದಿದ್ದರೆ ಪ್ರಬಂಧ ಅರ್ಥವಾಗಿಲ್ಲ, ಇಲ್ಲವೇ ಅದರಲ್ಲಿ ಪ್ರಶ್ನೆ ಇಲ್ಲ. ಎರಡನೆಯದೂ ಆಗುತ್ತದೆ, ಎಲ್ಲ ಸಲ ತಪ್ಪು ನಮ್ಮದೇ ಅಂದುಕೊಳ್ಳಬೇಡಿ.

ಎಲ್ಲ ಕೃತಿಗೂ ಎಲ್ಲ ಪ್ರಶ್ನೆ ಬೇಕಿಲ್ಲ. ನಾಟಕವಾದರೆ ನಾನು ನಾಟ್ಯಶಾಸ್ತ್ರದ ಭರತನ ರಸದ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಇಲ್ಲಿ ಭಾವ ಹುಟ್ಟಲು ಏನೇನನ್ನು ಎದುರಿಗೆ ತಂದಿಟ್ಟಿದ್ದಾರೆ ಅಂತ. ಚಿಕ್ಕ ಪದ್ಯವಾದರೆ ಧ್ವನಿ. ದೊಡ್ಡ ಕಾದಂಬರಿಯಾದರೆ ನಿರೂಪಕ ಮೊದಲು, ಆಮೇಲೆ ಕಾಣದವರು.

ಬರೆಯುವಾಗ ತಡವರಿಸಿದ ಜಾಗದಿಂದಲೇ ಶುರು ಮಾಡಿ. "ಸ್ತ್ರೀವಾದವು ಇಂಥ ಶತಮಾನದಲ್ಲಿ ಹುಟ್ಟಿ..." ಅಂತ ಶುರುವಾದ ಲೇಖನದಲ್ಲಿ ಕಥೆ ಬರುವುದು ಮೂರನೇ ಪುಟಕ್ಕೆ, ಅಷ್ಟರಲ್ಲಿ ಓದುವವರು ಎದ್ದು ಹೋಗಿರುತ್ತಾರೆ. ಪಾರಿಭಾಷಿಕ ಪದವನ್ನು ಅದಿಲ್ಲದೆ ಮೂರು ವಾಕ್ಯ ಖರ್ಚಾಗುತ್ತದೆ ಅಂತಾದರೆ ಮಾತ್ರ ಬಳಸಿ. 'ನಿರೂಪಕ' ಅಂಥ ಪದ. 'ಸಂಕಥನ' ನೂರಕ್ಕೆ ತೊಂಬತ್ತು ಸಲ ಅಲ್ಲ.

ಇನ್ನೊಂದು ಅಭ್ಯಾಸ, ಇದು ಯಾವ ವಾದಕ್ಕೂ ಸೇರಿದ್ದಲ್ಲ. ಒಂದು ಪದ ಬದಲಾಯಿಸಿ ಓದುವುದು. ಎರಡನೇ ಸಾಲನ್ನು ಹೀಗೆ ಮಾಡಿ: "ದೊಡ್ಡವನು ಮನೆ ತಗೊಂಡ, ಚಿಕ್ಕವನು ಹೊಲ ತಗೊಂಡ." ಉಳಿದದ್ದನ್ನು ಹಾಗೇ ಬಿಟ್ಟು ಈಗ ಮೊದಲಿಂದ ಓದಿ. ಮಕ್ಕಳು ಕೆಟ್ಟವರಾದರು, ಅಮ್ಮ ಪಾಪದವಳಾದಳು, ಕಥೆ ಅಲ್ಲಿಗೆ ಮುಗಿಯಿತು. 'ಬಂತು' ಇದ್ದಾಗ ಇದ್ದ ಆ ಮುಚ್ಚಿಟ್ಟ ಮನುಷ್ಯ ಈಗ ಎಲ್ಲಿ ಹೋದ?